ಕೆಮ್ಮಣ್ಣಿನ ಗೆರೆ, ಸಿಕ್ಕಿಕೊಂಡ ಹಾಳೆ

ಇವತ್ತು ಬೆಳಿಗ್ಗೆ ಅಂಗಡಿಯ ಡ್ರಾಯರಿನಲ್ಲಿ ಪಿನ್ನು ಹುಡುಕುವಾಗ ತೆಂಗಿನ ಕರಟವೊಂದು ಸಿಕ್ಕಿತು. ತಳದಲ್ಲಿ ಒಣಗಿದ ಕೆಮ್ಮಣ್ಣು. ಮೂಸಿದೆ. ಹಣೆಯ ಎಡಭಾಗ ಚುರ್ ಎಂದಿತು.

ಹಲಸೂರಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಹತ್ತನೇ ತರಗತಿ ಪಾಸಾದಾಗ ನನಗೆ ಮೂವತ್ತಾರು. ಅದಕ್ಕೇ ಏನೋ, ಗಿರಾಕಿಗಳ ಪುಸ್ತಕವನ್ನು ಪ್ರತಿ ತೆಗೆಯುತ್ತಲೇ ಓದುವ ಚಟ. ಅರ್ಥವಾಗದಿದ್ದರೂ ಬಿಡುವವನಲ್ಲ.

ನಾಲ್ಕು ವರ್ಷದ ಹಿಂದೆ ಹಣೆಯಿಂದ ಎಡಹುಬ್ಬಿನ ತನಕ ಗುಳ್ಳೆಗಳೆದ್ದವು. ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ನಮ್ಮತ್ತೆ ನೋಡಿದವರೇ ಸರ್ಪಸುತ್ತು ಎಂದರು. ನಮ್ಮ ಕಡೆಯ ನಂಬಿಕೆ ನಿಮಗೂ ಗೊತ್ತಿರಬೇಕು: ಹಾವಿನ ತಲೆ, ಬಾಲ ಕೂಡಬಾರದು. ಅದಕ್ಕೆ ಗುಳ್ಳೆಗಳ ಸುತ್ತ ಕೆಮ್ಮಣ್ಣಿನ ಗೆರೆ. ಅಂಗಡಿಗೂ ಕರಟ ತಂದಿಟ್ಟುಕೊಂಡು ಗಂಟೆಗೊಮ್ಮೆ ಮೆತ್ತುತ್ತಿದ್ದೆ.

ಮೂರನೇ ದಿನ ಶಬಾನಾ ಮೇಡಂ ನೋಟ್ಸ್ ತಂದರು. ಶಿವಾಜಿನಗರದವರು, ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಾರೆ.

"ಏನ್ ಭಾಯ್, ಹಣೆ ಮೇಲೆ ಕಾಂಪೌಂಡ್ ಕಟ್ಟಿಸ್ತಿದೀರಾ?"

"ಹಾವು ದಾಟ್ಬಾರ್ದು ಅಂತ ಮೇಡಂ."

ಅವರ ನಗು ನಿಂತಿತು. "ಕಣ್ಣೂ ಕೆಂಪಗಾಗಿದೆಯಲ್ರೀ! ಚಿಕ್ಕೋರಿದ್ದಾಗ ಚಿಕನ್ ಪಾಕ್ಸ್ ಆಗಿತ್ತಾ? ನೀವು ಅಮ್ಮ ಅಂತೀರಲ್ಲ, ಅದು."

"ಏಳನೇ ವಯಸ್ಸಲ್ಲಿ ಆಗಿತ್ತು."

"ಅದೇ ವೈರಸ್ಸು. ಇಷ್ಟು ವರ್ಷ ನರದ ಬುಡದಲ್ಲಿ ಮಲ್ಗಿತ್ತು, ಈಗ ಎದ್ದಿದೆ. ಅದರ ಡಿಎನ್‌ಎನೇ ಒರಿಜಿನಲ್ಲು. ನಿಮ್ ಜೀವಕೋಶದ ಒಳಗೆ ಕೂತ್ಕೊಂಡು ನಿಮ್ ಸಾಮಾನಲ್ಲೇ ಮೆಷಿನ್ ಕಟ್ಟಿಸ್ಕೊಂಡು, ನಿಮ್ದೇ ಹಾಳೆ, ನಿಮ್ದೇ ಕರೆಂಟಲ್ಲಿ ಜೆರಾಕ್ಸ್ ಹೊಡೀತಿದೆ. ನೀವು ಅಂಗಡಿ ಹೊರಗಡೆ ಗೆರೆ ಎಳೀತಿದೀರಿ!"

"ಕಣ್ಣು ಹೋಗುತ್ತಾ ಮೇಡಂ?"

"ತಡ ಮಾಡಿದ್ರೆ ಹೋಗ್ಬಹುದು. ಶಟರ್ ಎಳೀರಿ, ನಡೀರಿ."

ಆಟೋದಲ್ಲಿ ಕಣ್ಣಿನ ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು. ಅಲ್ಲಿ ದಿನಕ್ಕೆ ಐದು ಸಲ ನುಂಗುವ ಮಾತ್ರೆ ಕೊಟ್ಟರು. ವಾಪಸು ಬರುವಾಗ, ಅದು ಒಳಗೆ ಹೋಗಿ ಏನು ಮಾಡುತ್ತದೆಂದು ಕೇಳಿದೆ.

"ಹಾಳೆ ಥರ ವೇಷ ಹಾಕ್ಕೊಂಡು ಟ್ರೇ ಒಳಗೆ ಸೇರ್ಕೊಳ್ಳುತ್ತೆ ಭಾಯ್. ವೈರಸ್ ಮೆಷಿನ್ನು ಅದನ್ನ ಎಳ್ಕೊಂಡ್ತು ಅಂದ್ರೆ ಜಾಮ್! ಕಾಪಿ ಅರ್ಧಕ್ಕೇ ನಿಂತೋಗುತ್ತೆ."

ಹುಟ್ಟಿದಾಗಿನಿಂದ ಮೊದಲ ಸಲ, ಪೇಪರ್ ಜಾಮ್ ಆಗಲಪ್ಪಾ ಎಂದು ಸೋಮೇಶ್ವರನಿಗೆ ಕೈಮುಗಿದೆ.

ಎಡಗಣ್ಣು ಉಳಿಯಿತು. ಒರಿಜಿನಲ್ಲು ಮಾತ್ರ ಇನ್ನೂ ಒಳಗೇ ಇದೆಯಂತೆ, ಮಲಗಿರಲಿ. ಅತ್ತೆ ಈಗಲೂ ಕೆಮ್ಮಣ್ಣಿನಿಂದಲೇ ವಾಸಿಯಾಯಿತು ಎನ್ನುತ್ತಾರೆ. ನಾನು ವಾದಿಸುವುದಿಲ್ಲ, ಹಚ್ಚಿದಾಗ ತಂಪಾಗಿದ್ದದ್ದು ನಿಜ.

ಕರಟ ತೊಳೆದು ಪಿನ್ನು ತುಂಬಿಡುವಷ್ಟರಲ್ಲಿ ಮೆಷಿನ್ನು ಕಿರ್ರೆಂದು ನಿಂತಿತು. "ಬೇಗ ಗುರು, ಬಸ್ ಹೋಗುತ್ತೆ," ಎಂದ ಗಿರಾಕಿ. ಮಾಮೂಲಿನಂತೆ ಮೆಷಿನ್ನಿಗೆ ಬೈಯಲು ಹೋಗಿ ಬಿಟ್ಟೆ. ಸುಕ್ಕಾದ ಹಾಳೆಯನ್ನು ಮೆಲ್ಲಗೆ ಎಳೆದು, ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಅದರ ಸಣ್ಣಕ್ಷರ ಓದಿದೆ. ಅಚ್ಚಾಗಿದ್ದದ್ದು ಅರ್ಧವೇ. ಆ ಅರ್ಧದಲ್ಲಿ ಒಂದಕ್ಷರವೂ ತಪ್ಪದೆ ಕಾಣಿಸಿತು.