ಎಣ್ಣೆ ಡಬ್ಬಕ್ಕೆ ನೀರು ಸೇರಿದ ಕಥೆ

ಹಂಪನಕಟ್ಟೆಯ ಬಸ್ಸುಗಳ ಹಾರ್ನು ಕೇಳುವಷ್ಟು ಹತ್ತಿರದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಅಮ್ಮನ ಅಣ್ಣ ಕಟ್ಟಿ ಬೆಳೆಸಿದ್ದು. ಅವರ ನಂತರ ಹದಿನೆಂಟು ವರ್ಷಗಳಿಂದ ಗಲ್ಲಾಪೆಟ್ಟಿಗೆಯ ಹಿಂದೆ ಕೂತವಳು ನಾನು. ನನ್ನ ಬಾಯಿಗೆ ಅಡುಗೆಮನೆಯಲ್ಲಿ ಎಲ್ಲರೂ ಹೆದರುತ್ತಾರೆ. ಹೆದರಲಿ ಎಂದೇ ಬಯ್ಯುವುದು. ಮಧ್ಯಾಹ್ನದ ಊಟ ಮುಗಿದು ಮೂರು ಗಂಟೆಗೆ ಬಾಣಲೆ ಒಲೆ ಏರಿದರೆ ಸಂಜೆ ಏಳರವರೆಗೆ ಗೋಳಿಬಜೆ, ಅಂಬಡೆ, ಬನ್ಸ್ ಇಳಿಯುತ್ತಲೇ ಇರುತ್ತವೆ. ಕರಿದು ಕಪ್ಪಾದ ಆ ಎಣ್ಣೆಯನ್ನು ಏನು ಮಾಡುವುದು ಎನ್ನುವುದೇ ನನಗೆ ದೊಡ್ಡ ತಲೆನೋವಾಗಿತ್ತು. ಚರಂಡಿಗೆ ಚೆಲ್ಲಿದರೆ ಚರಂಡಿ ಕಟ್ಟುತ್ತದೆ. ಯಾರಿಗಾದರೂ ಕೊಡೋಣವೆಂದರೆ, ಒಯ್ದವನು ಅದನ್ನು ಇನ್ಯಾವ ಗಾಡಿಯ ಬಾಣಲೆಗೆ ಸುರಿಯುತ್ತಾನೋ, ಯಾರ ಮಕ್ಕಳ ಹೊಟ್ಟೆಗೆ ಹೋಗುತ್ತದೋ ಎಂಬ ಭಯ.

ಅಂಥ ಹೊತ್ತಿನಲ್ಲಿ ತೊಕ್ಕೊಟ್ಟಿನ ಒಬ್ಬ ಬ್ಯಾರಿ ಮುಸಲ್ಮಾನ ಹೋಟೆಲಿಗೆ ಬಂದ. ವಯಸ್ಸು ನಲವತ್ತು ದಾಟಿತ್ತು. ಹದಿನಾಲ್ಕು ವರ್ಷ ಗಲ್ಫಿನ ವಿಮಾನ ನಿಲ್ದಾಣವೊಂದರಲ್ಲಿ ವಿಮಾನಗಳಿಗೆ ಇಂಧನ ತುಂಬಿಸುವ ಕೆಲಸ ಮಾಡಿ, ಒಂದು ವರ್ಷದ ಹಿಂದೆ ಊರಿಗೆ ಬಂದಿದ್ದನಂತೆ.

"ಅಕ್ಕಾ, ಕಪ್ಪಾದ ಎಣ್ಣೆ ಉಂಟಾ?" ಎಂದು ಕೇಳಿದ.

"ಉಂಟು. ನಿನಗೆ ಎಂತಕ್ಕೆ?"

"ವಿಮಾನಕ್ಕೆ."

ನಾನು ಜೋರಾಗಿ ನಕ್ಕೆ. "ಗೋಳಿಬಜೆ ಕರಿದ ಎಣ್ಣೆಯಲ್ಲಿ ವಿಮಾನವಾ? ಬೆಳಗ್ಗೆ ಬೆಳಗ್ಗೆ ತಮಾಷೆ ಮಾಡ್ಬೇಡ ಮಾರಾಯ!"

ಅವನು ಬೇಸರ ಮಾಡಿಕೊಳ್ಳಲಿಲ್ಲ. ಚಾ ತರಿಸಿಕೊಂಡು ಎದುರು ಕೂತು ವಿವರಿಸಿದ. ಹಳೆ ಎಣ್ಣೆಯನ್ನು ದೂರದ ಕಾರ್ಖಾನೆಯಲ್ಲಿ ಶುದ್ಧಮಾಡಿ ವಿಮಾನದ ಇಂಧನವಾಗಿ ಬದಲಿಸುತ್ತಾರೆ. ಆಮೇಲೆ ಮಾಮೂಲು ಇಂಧನದ ಜೊತೆ ಬೆರೆಸುತ್ತಾರೆ. ಅದೇ ಲಾರಿ, ಅದೇ ಪೈಪು. ಎಂಜಿನ್ನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಗಲ್ಫಿನ ಕೊನೆಯ ವರ್ಷ ತಾನೇ ಅದನ್ನು ತುಂಬಿಸಿದ್ದಾಗಿ ಹೇಳಿದ.

"ಹಾಗಾದರೆ ಹೊಗೆ ಬರುವುದಿಲ್ಲವಾ?"

"ಬರ್ತದೆ ಅಕ್ಕ. ಆದ್ರೆ ನೆಲದ ಅಡಿಯಿಂದ ತೆಗೆದ ಎಣ್ಣೆ ಸುಟ್ರೆ, ಅಷ್ಟು ಕಾಲ ಒಳಗಿದ್ದ ಇಂಗಾಲ ಹೊಸದಾಗಿ ಗಾಳಿಗೆ ಸೇರ್ತದೆ. ಇದು ಗಿಡದ ಎಣ್ಣೆ. ಗಿಡ ಬೆಳೆಯುವಾಗ ಗಾಳಿಯಿಂದ ಎಳ್ಕೊಂಡದ್ದೇ ವಾಪಸು ಹೋಗುವುದು. ಕಾರ್ಖಾನೆಗೆ, ಲಾರಿಗೆ ಖರ್ಚಾಗುವುದು ಉಂಟು, ಆದ್ರೂ ಒಟ್ಟಿನಲ್ಲಿ ಕಮ್ಮಿ."

"ನನ್ನ ಒಂದು ತಿಂಗಳ ಎಣ್ಣೆಯಲ್ಲಿ ವಿಮಾನ ಎಲ್ಲಿಗೆ ಮುಟ್ಟೀತು? ಮುಂಬೈಗಾ?"

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ನಿಂತ ಜಾಗದಿಂದ ರನ್‌ವೇಯ ತುದಿಗೆ ಮುಟ್ಟಿದ್ರೆ ಹೆಚ್ಚು."

ಆ ಒಂದು ಉತ್ತರಕ್ಕೇ ನನಗೆ ಅವನ ಮೇಲೆ ನಂಬಿಕೆ ಬಂತು. ಎಣ್ಣೆ ಕೊಡುತ್ತೇನೆ ಎಂದೆ. ಹೋಗುವಾಗ ಬಾಗಿಲಲ್ಲಿ ನಿಂತು, "ನೀರು ಮಾತ್ರ ಸೇರಬಾರ್ದು ಅಕ್ಕ, ಚೂರೂ" ಎಂದ. "ಹದಿನೆಂಟು ವರ್ಷ ಬಾಣಲೆ ನೋಡಿದವಳಿಗೆ ಎಣ್ಣೆಯ ಪಾಠ ಹೇಳ್ಬೇಡ, ಹೋಗು" ಎಂದು ಗದರಿಸಿ ಕಳಿಸಿದೆ.

ಪರಿಚಯದ ಏಳು ಹೋಟೆಲುಗಳಿಗೆ ನಾನೇ ಫೋನ್ ಮಾಡಿ ಅವನಿಗೆ ಎಣ್ಣೆ ಕೊಡಿಸಿದೆ. ವಾರಕ್ಕೆರಡು ಸಲ ಟೆಂಪೋ ತರುತ್ತಿದ್ದ. ಒಂದು ದಿನ ಡಬ್ಬ ಎತ್ತುತ್ತಾ ತನ್ನ ಕಷ್ಟ ಹೇಳಿಕೊಂಡ. ಮೊದಲ ಲೋಡು ಪಾಸಾದರೆ ಎಣ್ಣೆ ಕೊಳ್ಳುವ ಕಂಪನಿಯವರು ಒಂದು ವರ್ಷದ ಒಪ್ಪಂದ ಮಾಡಿಕೊಳ್ಳುತ್ತಾರೆ. ಆಗದಿದ್ದರೆ ಭಾವ ಗಲ್ಫಿನಲ್ಲಿ ಮತ್ತೆ ವೀಸಾ ತಯಾರು ಮಾಡಿಟ್ಟಿದ್ದಾನೆ, ಹೋಗಲೇಬೇಕು. ಮನೆಯಲ್ಲಿ ಹನ್ನೊಂದು ವರ್ಷದ ಒಬ್ಬಳೇ ಮಗಳು.

"ನಾನು ಊರಿಗೆ ಬಂದ ಹೊಸದರಲ್ಲಿ ನನ್ನನ್ನು ಕಂಡ್ರೆ ಒಳಗೆ ಓಡ್ತಿದ್ಳು ಅಕ್ಕ. ಈಗ ನನ್ನ ಹತ್ರ ಜಗಳ ಮಾಡ್ತಾಳೆ" ಎಂದ. ಜಗಳದ ಸುದ್ದಿಯನ್ನು ಅಷ್ಟು ಖುಷಿಯಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಆರು ವಾರ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಅವನು ಬಂದಾಗ ಮುಖ ಬಾಡಿ ಹೋಗಿತ್ತು. ಲೋಡು ತಿರಸ್ಕಾರವಾಗಿತ್ತು. ಎಣ್ಣೆಯಲ್ಲಿ ನೀರಿತ್ತಂತೆ. ಎಂಟು ಹೋಟೆಲಿನ ಎಣ್ಣೆಯನ್ನೂ ಒಂದೇ ಟ್ಯಾಂಕಿಗೆ ಸುರಿದಿದ್ದರಿಂದ ಯಾರದ್ದೆಂದು ಹೇಳುವ ಹಾಗಿಲ್ಲ. ಗುರುವಾರ ಇನ್ನೊಂದೇ ಒಂದು ಸಲ ತಂದು ತೋರಿಸಬಹುದು ಎಂದಿದ್ದರು. ಶುಕ್ರವಾರ ಭಾವನಿಗೆ ವೀಸಾದ ಬಗ್ಗೆ ಉತ್ತರ ಹೇಳಬೇಕಿತ್ತು.

ನನಗೆ ಎಲ್ಲಿತ್ತೋ ಸಿಟ್ಟು! ನಾನು ಹೇಳಿ ಕೊಡಿಸಿದ ಎಣ್ಣೆಯಲ್ಲಿ ನೀರಾ? ಅವನೆದುರೇ ಫೋನ್ ಎತ್ತಿ ಮೂರು ಹೋಟೆಲಿನವರನ್ನು ತರಾಟೆಗೆ ತೆಗೆದುಕೊಂಡೆ. ಮಣ್ಣಗುಡ್ಡದಲ್ಲಿ ಕ್ಯಾಂಟೀನ್ ನಡೆಸುವ ಹೆಂಗಸು, "ನಿಮ್ಮದರಲ್ಲೇ ನೋಡ್ಕೊಳ್ಳಿ" ಎಂದು ಫೋನ್ ಕುಕ್ಕಿದಳು. "ನಮ್ಮದರಲ್ಲಂತೂ ಅಲ್ಲ" ಎಂದು ನಾನು ಅವನಿಗೆ ಎದೆ ತಟ್ಟಿ ಹೇಳಿದೆ. ಅವನು ಖಾಲಿ ಡಬ್ಬ ತೆಗೆದುಕೊಂಡು ಹೋದ.

ಹನ್ನೊಂದು ಗಂಟೆಯ ಹೊತ್ತಿಗೆ ಅಡುಗೆಮನೆಗೆ ಹೋದೆ. ನಮ್ಮ ಅಡುಗೆಯವಳು ಕೋಳಿ ಗಸಿಗೆ ಮಸಾಲೆ ಅರೆದು ಮುಗಿಸಿದ್ದಳು. ಗ್ರೈಂಡರಿಗೆ ಒಂದು ಚೊಂಬು ನೀರು ಹಾಕಿ, ಗೋಡೆಗೆ ಹಿಡಿದ ಮಸಾಲೆಯನ್ನೆಲ್ಲ ಕೈಯಿಂದ ಬಳಿದು ತೊಳೆದು, ಆ ನೀರನ್ನೂ ಗಸಿಗೆ ಸುರಿದಳು. ನಮ್ಮ ಕಡೆ ಯಾವ ಮನೆಯಲ್ಲಿ ಹೀಗೆ ಮಾಡುವುದಿಲ್ಲ? ಮಸಾಲೆ ತೊಳೆದ ನೀರನ್ನು ಚೆಲ್ಲಿದರೆ ಅತ್ತೆಯಂದಿರು ಸುಮ್ಮನೆ ಬಿಡುವುದುಂಟೇ? ಅದನ್ನು ನೋಡುತ್ತಾ ನಿಂತವಳಿಗೆ ನನ್ನದೇ ಬಾಣಲೆ ನೆನಪಾಯಿತು.

ಸಂಜೆ ಬಾಣಲೆ ಖಾಲಿ ಮಾಡುವ ಕೆಲಸವನ್ನು ನಾನು ಯಾರಿಗೂ ಬಿಡುವುದಿಲ್ಲ. ಎಣ್ಣೆ ತಣಿದ ಮೇಲೆ ಡಬ್ಬಕ್ಕೆ ಬಗ್ಗಿಸುತ್ತೇನೆ. ತಳದಲ್ಲಿ ಅಂಟಿದ ಎಣ್ಣೆ ಉಳಿಯುತ್ತದಲ್ಲ, ಅದಕ್ಕೆ ಒಂದು ಚೊಂಬು ಬಿಸಿನೀರು ಹಾಕಿ, ಕುಲುಕಿ, ಅದನ್ನೂ ಡಬ್ಬಕ್ಕೇ ಹೊಯ್ಯುತ್ತಿದ್ದೆ. ಒಂದು ಚಮಚವೂ ಹಾಳಾಗಬಾರದು, ಪಾಪ ಅವನಿಗೆ ಸಿಗಲಿ ಎಂದು! ಆರು ವಾರ ಪ್ರತಿ ಸಂಜೆ ಇದನ್ನೇ ಮಾಡಿದ್ದೆ. ಅದು ನೀರು ಹಾಕುವುದು ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕ್ಯಾಶಿನಲ್ಲಿ ಬೇರೆಯವರನ್ನು ಕೂರಿಸಿ, ರಿಕ್ಷಾ ಹಿಡಿದು ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಹೋದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಅವನು ವಾಪಸು ಬಂದ ಎಣ್ಣೆಯ ಟ್ಯಾಂಕಿನ ಪಕ್ಕ ಸುಮ್ಮನೆ ಕೂತಿದ್ದ.

"ನೀರು ಹಾಕಿದ್ದು ನಾನೇ ಮಾರಾಯ" ಎಂದೆ. ಬಾಣಲೆ ತೊಳೆದ ಕಥೆ ಪೂರ್ತಿ ಹೇಳಿದೆ. ಅವನು ನಾಲ್ಕು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ತಲೆ ಕೆರೆದುಕೊಂಡ. "ನನ್ನ ಹೆಂಡತಿಯೂ ಮಸಾಲೆಗೆ ಹಾಗೇ ಮಾಡುವುದು ಅಕ್ಕ. ಬಾಣಲೆ ತೊಳೆದದ್ದು ಹಾಕಬೇಡಿ ಅಂತ ನಾನು ಬಿಡಿಸಿ ಹೇಳ್ಬೇಕಿತ್ತು."

ಅಲ್ಲಿಂದಲೇ ಮಣ್ಣಗುಡ್ಡದವಳಿಗೆ ಫೋನ್ ಮಾಡಿ, ಬಾಣಲೆ ತೊಳೆದದ್ದನ್ನು ಹೇಳಿ ತಪ್ಪಾಯಿತು ಎಂದೆ. ಅವಳು ಮೆಲ್ಲನೆ, "ಅಕ್ಕಾ, ನಾವೂ ಹಾಗೇ ಮಾಡುವುದು" ಎಂದಳು.

ಕೂತು ಅಳುವುದಕ್ಕೆ ಸಮಯವಿರಲಿಲ್ಲ. ಎಣ್ಣೆಯನ್ನು ಬೆಚ್ಚಗೆ ಮಾಡಿ ಅಲುಗಾಡಿಸದೆ ಬಿಟ್ಟರೆ ನೀರು ತಳಕ್ಕೆ ಇಳಿಯುತ್ತದೆ, ಕೆಳಗಿನ ನಲ್ಲಿಯಿಂದ ಬಿಟ್ಟುಬಿಡಬಹುದು ಎಂದು ಅವನಿಗೆ ಗೊತ್ತಿತ್ತು. ಪೂರ್ತಿ ಹೋಯಿತೇ ಇಲ್ಲವೇ ಎಂದು ತಿಳಿಯುವ ದಾರಿ ನನಗೆ ಗೊತ್ತಿತ್ತು. ಹೋಟೆಲಿನಿಂದ ದೋಸೆಯ ಕಾವಲಿ ತರಿಸಿ ಚೆನ್ನಾಗಿ ಕಾಯಿಸಿ, ಟ್ಯಾಂಕಿನ ತಳದಿಂದ ತೆಗೆದ ಎಣ್ಣೆಯನ್ನು ಒಂದು ಚಮಚ ಹಾಕಿದೆ. ಚಟಪಟ ಎಂದು ಮುಖಕ್ಕೇ ಸಿಡಿಯಿತು. ತಳದ ನೀರನ್ನು ಹೊರಗೆ ಬಿಟ್ಟೆವು. ಮಂಗಳವಾರ ಮತ್ತೆ ಬಿಸಿ ಮಾಡಿದೆವು, ಮತ್ತೆ ಬಿಟ್ಟೆವು. ಸಂಜೆ ಹಾಕಿದಾಗಲೂ ಸಿಡಿಯಿತು, ಆದರೆ ಸ್ವಲ್ಪ. ಬುಧವಾರ ಸಂಜೆ ಹಾಕಿದ ಎಣ್ಣೆ ಕಾವಲಿಯ ಮೇಲೆ ಸದ್ದಿಲ್ಲದೆ ಹರಡಿಕೊಂಡಿತು. ನಂಬಿಕೆಯಾಗದೆ ಇನ್ನೂ ಮೂರು ಚಮಚ ಹಾಕಿ ನೋಡಿದೆ.

ಗುರುವಾರ ಟೆಂಪೋದಲ್ಲಿ ಅವನ ಪಕ್ಕ ನಾನೂ ಕೂತೆ. "ನೀವು ಎಂತಕ್ಕೆ ಅಕ್ಕ?" ಎಂದ. "ಬಾಯಿ ಇರುವವರು ಒಬ್ಬರು ಬೇಡವಾ?" ಎಂದೆ. ಕಂಪನಿಯ ಗೋದಾಮು ನಗರದ ಹೊರಗಿತ್ತು. ಎಣ್ಣೆ ಪರೀಕ್ಷೆ ಮಾಡುವವಳು ಚಿಕ್ಕ ವಯಸ್ಸಿನ ಹುಡುಗಿ. ಅವಳು ಕೇಳುವ ಮೊದಲೇ ನಾನು ಶುರುಮಾಡಿದೆ. "ಹೋದ ಸಲ ನೀರು ಹಾಕಿದ್ದು ನಾನು. ಇವನದ್ದು ಎಂತ ತಪ್ಪೂ ಇಲ್ಲ."

"ಎಣ್ಣೆ ನೋಡುವಾ ಅಮ್ಮ" ಎಂದಷ್ಟೇ ಹೇಳಿ ಅವಳು ಬಾಟಲಿ ತುಂಬಿಸಿಕೊಂಡು ಒಳಗೆ ಹೋದಳು.

ಹೊರಗೆ ಬಾದಾಮಿ ಮರದ ಕೆಳಗೆ ಎರಡು ಗಂಟೆ ಕಾದೆವು. ತಲೆಯ ಮೇಲೆ ಒಂದು ವಿಮಾನ ಬಜ್ಪೆಯ ವಿಮಾನ ನಿಲ್ದಾಣದ ಕಡೆಗೆ ತಗ್ಗುತ್ತಾ ಹೋಯಿತು. ಅದರಲ್ಲಿ ನಮ್ಮಂಥವರ ಎಣ್ಣೆ ಇನ್ನೂ ಇಲ್ಲ. ಆದರೂ ಒಂದು ದಿನ ಇದ್ದೀತು ಎಂದು ಆ ಹೊತ್ತಿನಲ್ಲೂ ನನಗೆ ಗಟ್ಟಿಯಾಗಿ ಅನ್ನಿಸಿತು. ನಮ್ಮ ಊರೊಂದರಲ್ಲೇ ಎಷ್ಟು ಬಾಣಲೆಗಳಿಲ್ಲ! ಅವನು ವಿಮಾನವನ್ನು ನೋಡಲೂ ಇಲ್ಲ. ಫೋನಿನಲ್ಲಿ ಭಾವ ಕಳಿಸಿದ ವೀಸಾದ ಕಾಗದವನ್ನು ತೆಗೆಯುತ್ತಿದ್ದ, ಮುಚ್ಚುತ್ತಿದ್ದ. ನಾನು ಇರುವ ದೇವರಿಗೆಲ್ಲ ಕೈಮುಗಿದೆ.

ಹುಡುಗಿ ಕಾಗದ ಹಿಡಿದು ಹೊರಗೆ ಬಂದಳು. "ಪಾಸಾಯ್ತು. ಮುಂದಿನ ಲೋಡು ಯಾವಾಗ ತರ್ತೀರಿ?"

ಅವನು ಟೆಂಪೋದ ಚಕ್ರಕ್ಕೆ ಒರಗಿ ನೆಲದ ಮೇಲೇ ಕೂತುಬಿಟ್ಟ. ನನಗೂ ಕಣ್ಣು ತುಂಬಿತು, ಸೆರಗಿನಲ್ಲಿ ಒರೆಸಿಕೊಂಡೆ. ಅವನು ಮನೆಗೆ ಫೋನ್ ಮಾಡಿದಾಗ ಎತ್ತಿದ್ದು ಮಗಳು. ಬ್ಯಾರಿ ಮಾತು ನನಗೆ ಅರ್ಧಂಬರ್ಧ ಬರುತ್ತದೆ. ಇನ್ನು ಗಲ್ಫಿಗೆ ಹೋಗುವುದಿಲ್ಲ ಎಂದದ್ದು ತಿಳಿಯಿತು. ಆ ಕಡೆಯಿಂದ ಅವಳು ಏನೋ ಕೇಳಿದಳು. ಇವನು ಫೋನ್ ಇಟ್ಟು ಅದನ್ನೇ ನೋಡುತ್ತಾ ಕೂತ.

"ಎಂತ ಹೇಳಿದ್ಳು ಮಾರಾಯ?"

"ಸಂಜೆ ಬರುವಾಗ ಎಂತ ತರ್ತೀರಿ ಅಂತ ಕೇಳಿದ್ಳು ಅಕ್ಕ" ಎಂದ. "ಗಲ್ಫಿನಲ್ಲಿದ್ದಾಗ ಫೋನಿನಲ್ಲಿ ಯಾವಾಗಲೂ ಒಂದೇ ಕೇಳುವುದು, ಯಾವಾಗ ಬರ್ತೀರಿ ಅಂತ."