ಟೆಂಪ್ರಾನಿಯೋ ಮತ್ತು ಅಜ್ಜಿಯ ಹುಣಸೆ ಗಡಿಗೆ

ಆಸ್ಟಿನ್‌ನಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ದೂರದ ವೈನರಿಯೊಂದರಲ್ಲಿ ನನ್ನ ಅಜ್ಜಿಯನ್ನು ವೈನಿನ ರುಚಿ ವಿವರಿಸುವ ಕಾರ್ಡಿನ ಮೇಲೆ ಅಚ್ಚು ಹಾಕಿದ್ದಾರೆ. ಹ್ಯೂಸ್ಟನ್‌ನ ಗೆಳತಿ ಫೋಟೋ ಕಳಿಸಿದಳು. "ಕರ್ನಾಟಕದ ಅಜ್ಜಿಯ ಹುಣಸೆ ಗಡಿಗೆಯ ಪರಿಮಳ" ಎಂದಿತ್ತು. ಕೆಳಗೆ ಅವಳ ಪ್ರಶ್ನೆ: "ಇದನ್ನ ಹೇಳಿದ್ದು ನೀನೇ ಅಲ್ವೇನೇ?"

ನಾನೇ. ಧಾರವಾಡದಲ್ಲಿ ಊಟಕ್ಕೆ ಕೂತವರನ್ನು ಉಪ್ಪು ಸರಿಯಿದೆಯೇ ಎಂದು ಕೇಳಿದರೆ ಹೆಚ್ಚು. ಇಲ್ಲಿ ವೈನನ್ನು ಮೊದಲು ಮೂಸಿ, ಯಾವ ವಾಸನೆ ಎಂದು ಹೇಳಬೇಕು. ಹಿಂದೊಮ್ಮೆ ಆ ವೈನರಿಗೆ ಹೋಗಿದ್ದಾಗ ಪಕ್ಕದವರು ಕಪ್ಪು ಚೆರ್ರಿ ಎಂದರು, ಚರ್ಮ ಎಂದರು. ಅವರಿಗೆ ನಿಜವಾಗಿ ಬಂತೋ, ಹಾಗೆ ಹೇಳಬೇಕೆಂದು ಹೇಳಿದರೋ! ನನ್ನ ಸರದಿ ಬಂದಾಗ, ಅಲ್ಲಿ ಯಾರೂ ಪರೀಕ್ಷಿಸಲಾಗದ ಉತ್ತರ ಕೊಟ್ಟೆ: ಅಜ್ಜಿಯ ಹುಣಸೆ ಗಡಿಗೆ. ಕೌಂಟರಿನ ಹೆಂಗಸಿನ ಕಣ್ಣು ಹೊಳೆಯಿತು; ಬರೆದುಕೊಂಡಳು.

ಅದು ಟೆಂಪ್ರಾನಿಯೋ, ಸ್ಪೇನ್‌ನಿಂದ ಬಂದು ಟೆಕ್ಸಸ್ಸಿನ ಬಿಸಿಲಿಗೆ ಒಗ್ಗಿದ ಕೆಂಪು ದ್ರಾಕ್ಷಿ. ವೈನರಿ ಇರುವುದು ಗುಡ್ಡದ ಮೇಲೆ, ದ್ರಾಕ್ಷಿ ಮಾತ್ರ ದೂರದ ಲಬಕ್ ಬಯಲಿನದು. ಅದನ್ನು ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಎಣ್ಣೆಗಾಯಿಯ ಶೇಂಗಾ ಜಿಡ್ಡನ್ನು ಅದರ ಒಗರು ತೊಳೆಯುತ್ತದೆ. ಹೋಳಿಗೆಯ ಜೊತೆ ಬರೀ ಹುಳಿ. ಹಬ್ಬದ ಎಲೆಗೆ ಬೇಡ, ಭಾನುವಾರದ ಊಟಕ್ಕೆ ಸರಿ. ಡಲ್ಲಾಸ್ ಕಡೆಯ ಲೂಯಿಸ್‌ವಿಲ್‌ನಲ್ಲಿ ಗೆಳೆಯರ ಮನೆಯ ಊಟಗಳಲ್ಲಿ ಇದನ್ನೆಲ್ಲ ವಿವರಿಸುತ್ತ ಗಡಿಗೆಯ ಕಥೆಯನ್ನೂ ಬಡಿಸುತ್ತಿದ್ದೆ. ಕೊನೆಗೆ ಗಡಿಗೆಯ ಕಂಠದ ಬಿರುಕು ಕೂಡ ನನಗೆ ಕಾಣಿಸತೊಡಗಿತ್ತು.

ಧಾರವಾಡದಿಂದ ಬಂದು, ಡಲ್ಲಾಸ್ ಪಕ್ಕದ ಅಲೆನ್ ಎಂಬ ಊರಿನ ನಮ್ಮ ಮನೆಯಲ್ಲಿದ್ದ ಅಕ್ಕನಿಗೆ ಫೋಟೋ ತೋರಿಸಿದೆ, ಹೆಮ್ಮೆಯಿಂದ.

"ಯಾವ ಗಡಿಗಿ?" ಎಂದಳು. "ನಮ್ಮನ್ಯಾಗ ಹುಣಸಿಹಣ್ಣ ಪ್ಲಾಸ್ಟಿಕ್ ಡಬ್ಬ್ಯಾಗ ಇರ್ತಿತ್ತು. ಅಜ್ಜಿಗೆ ಅಸಿಡಿಟಿ, ಹುಳಿ ಮುಟ್ಟತಿದ್ದಿಲ್ಲ."

"ನೀ ಮರ್ತಿರಬೇಕು, ಅಕ್ಕಾ."

"ನಾ ಮರ್ತಿಲ್ಲ, ನೀ ಹುಟ್ಟಿಸೀದಿ. ಜೀವನದಾಗ ಸೋಡಾನೂ ಕುಡೀದ ಮುದುಕೀನ ದಾರೂ ಅಂಗಡ್ಯಾಗ ಕೂಡಿಸೀಯಲ್ಲ! ತಗಿಸು. ಅಲ್ಲೀತನಾ ನಿನ್ನ ಮಾತು ಒಂದೂ ನಂಬೂದಿಲ್ಲ ನಾ."

ಬಾಲ್ಯಕ್ಕೆ ನನಗುಳಿದ ಒಬ್ಬಳೇ ಸಾಕ್ಷಿ ಅವಳು. ಅವಳೂ ನಂಬದಿದ್ದರೆ ನಾನು ಧಾರವಾಡದವಳೆನ್ನಲು ಪಾಸ್‌ಪೋರ್ಟಿನ ಒಂದು ಸಾಲು ಮಾತ್ರ ಉಳಿಯುತ್ತದೆ. ಶನಿವಾರ ಡಲ್ಲಾಸ್ ದಾಟಿ ದಕ್ಷಿಣಕ್ಕೆ, ಆ ವೈನರಿಗೆ ಡ್ರೈವ್ ಮಾಡಿದೆ. ಅಕ್ಕನೂ ಜೊತೆಗೆ ಬಂದಳು.

ಕೌಂಟರಿನ ಹೆಂಗಸು ನನ್ನ ತಪ್ಪೊಪ್ಪಿಗೆ ಕೇಳಿ ನಕ್ಕಳು. "ಜನರಿಗೆ ಬಹಳ ಇಷ್ಟವಾದ ಸಾಲು ಅದು. ಹಾಗಾದರೆ ನಿಮಗೆ ಬಂದ ವಾಸನೆ ಯಾವುದು?"

ಒಂದು ಗ್ಲಾಸಿಗೆ ಸ್ವಲ್ಪ ಸುರಿದು ನನ್ನ ಕೈಗಿತ್ತಳು. ಅಕ್ಕ ಗ್ಲಾಸನ್ನು ಕಸಿದು, ತುಟಿಗೆ ತಾಗಿಸದೆ ಮೂಸಿದಳು. "ಹುಣಸಿ ಖರೇನ ಐತಿ. ಆದ್ರ ಇದು ನಿನ್ನ ಅಲೆನ್ ಅಡಿಗಿಮನಿ ವಾಸನಿ. ಇಂಡಿಯನ್ ಸ್ಟೋರಿನ ಹುಣಸಿಗಟ್ಟಿ ಮೈಕ್ರೋವೇವ್‌ನಾಗ ಇಡ್ತೀಯಲ್ಲ, ಅದಽ ಇದು."

ಮೂಸಿ ನೋಡಿದೆ. ಅವಳು ಹೇಳಿದ್ದು ನಿಜ. ಅಥವಾ ಅವಳು ಹೇಳಿದ್ದರಿಂದ ನಿಜವಾಯಿತು; ನನ್ನ ಮೂಗನ್ನೂ ಈಗ ನಂಬಲಾರೆ. "ಅಲೆನ್‌ನ ನನ್ನ ಅಡುಗೆಮನೆ ಎಂದು ಬರೆಯಿರಿ," ಎಂದೆ.

"ಅಲೆನ್?" ಆಕೆ ವಿನಯದಿಂದ ತಲೆಯಾಡಿಸಿದಳು. "ಅಲೆನ್‌ನ ವಾಸನೆಗಾಗಿ ಇಷ್ಟು ದೂರ ಯಾರು ಬರುತ್ತಾರೆ?"

ಇನ್ನು ಚೆರ್ರಿ, ಚರ್ಮ ಎಂದೇ ಅಚ್ಚು ಹಾಕಿಸುತ್ತೇನೆಂದು ಹೇಳಿ ಹಳೆಯ ಕಾರ್ಡುಗಳನ್ನು ಕಸದ ಬುಟ್ಟಿಗೆ ಹಾಕಿದಳು. ಒಂದನ್ನು ಅಕ್ಕ ಎತ್ತಿಕೊಂಡು ಪರ್ಸಿನಲ್ಲಿಟ್ಟಳು. ಆ ಕಾರ್ಡಿನ ಅಜ್ಜಿಯನ್ನು ಕರೆದುಕೊಂಡು ಅವಳು ಮುಂದಿನ ವಾರ ಊರಿಗೆ ಹೋಗುತ್ತಾಳೆ. ನಾನು ಎರಡು ಬಾಟಲಿ ಕೊಂಡೆ. ಎಣ್ಣೆಗಾಯಿಗೆ ಹೊಂದುತ್ತದೆ, ಸದ್ಯಕ್ಕೆ ಆಣೆ ಮಾಡಿ ಹೇಳಬಲ್ಲದ್ದು ಅಷ್ಟೇ.