ಒಂಬತ್ತನೆಯ ಸದ್ದು

ಹಡಗಿನ ತಳಭಾಗದ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಆರು ವಾರ ನಾನು ಸದ್ದು ಎಣಿಸಿದೆ. ಎಣಿಸೆಂದು ಯಾರೂ ಹೇಳಿರಲಿಲ್ಲ. ಹಡಗು ಹಿಂದೆ ಎಳೆದುಕೊಂಡು ಹೋಗುತ್ತಿದ್ದ, ಒತ್ತಿ ತುಂಬಿದ ಗಾಳಿಯನ್ನು ಸಿಡಿಸುವ ಗಾಳಿಬಂದೂಕು ಅರ್ಧ ನಿಮಿಷಕ್ಕೊಮ್ಮೆ ನೀರಿನೊಳಗೆ ಢಮ್ಮೆನ್ನುತ್ತಿತ್ತು. ಆ ಸದ್ದು ಕಡಲತಳಕ್ಕೂ ಅದರಡಿಯ ಬಂಡೆಗೂ ಬಡಿದು ಮರಳಿದ್ದನ್ನು ಯಂತ್ರ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ನಡುಗಡಲಿನಲ್ಲಿ ಒಂಟಿಯಾಗಿ ಎದ್ದು ನಿಂತಿದ್ದ ಜ್ವಾಲಾಮುಖಿ ದ್ವೀಪಕ್ಕೆ ಕರಗಿದ ಕಲ್ಲು ಎಲ್ಲಿಂದ ಬಂತು ಎಂಬುದನ್ನು ಆ ಗೆರೆಗಳು ಹೇಳಬೇಕಿತ್ತು. ನನ್ನ ಕೆಲಸ ಗೆರೆ ನೋಡುವುದಷ್ಟೇ. ಆದರೆ ಇಳಕಲ್ಲಿನ ಖಣಿಯವರ ಮನೆಯಲ್ಲಿ ಹುಟ್ಟಿದವನ ಕಿವಿ ಸುಮ್ಮನಿರಬೇಕಲ್ಲ!

ನಮ್ಮ ಕೆಂಪುಕಲ್ಲಿನ ಖಣಿಯಲ್ಲಿ ಒಂಬತ್ತು ತೂತಿಗೆ ಮದ್ದು ತುಂಬಿದರೆ, ಒಂಬತ್ತು ಸದ್ದು ಎಣಿಸಿದ ಮೇಲೆಯೇ ಒಳಗೆ ಇಳಿಯಬೇಕು. ಎಂಟೇ ಕೇಳಿಸಿದರೆ ಒಂದು ಮದ್ದು ಸಿಡಿಯದೆ ಕೂತಿದೆ ಎಂದರ್ಥ. ಅವತ್ತಿಗೆ ಕೆಲಸ ಬಂದ್. ಎಪ್ಪತ್ತರ ದಶಕದಲ್ಲಿ ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು, ಕಾಲೇಜಿನ ಸೂಟಿಗೆಂದು ಊರಿಗೆ ಬಂದವನು, ಖಣಿಯ ದಂಡೆಯ ಮೇಲೆ ಅಪ್ಪನ ಪಕ್ಕ ನಿಂತು ಭಾರೀ ಜಂಬದಿಂದ ಒಂಬತ್ತು ಆದವು ಎಂದೆ. ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿ ಇಳಿದ. ಒಂಬತ್ತನೆಯದು ಆಗ ಸಿಡಿಯಿತು. ಅಪ್ಪನ ಬಲಗೈ ಮಣಿಕಟ್ಟಿನಿಂದ ಹೋಯಿತು.

ಎದುರಿನ ಬಂಡೆಗೆ ಬಡಿದು ಬಂದ ಮಾರ್ದನಿಯನ್ನೂ ನಾನು ಎಣಿಕೆಗೆ ಸೇರಿಸಿದ್ದೆ. ದವಾಖಾನೆಯಲ್ಲಿ ಮಂದಿಯೆಲ್ಲ ಮದ್ದಿನ ಬತ್ತಿಯೇ ಕೆಟ್ಟದ್ದಿತ್ತು ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಹೇಡಿ, ಮತ್ತೇನು? ಅಂದಿನಿಂದ ಅದು ಬಾಯೊಳಗಿನ ಬಿಸಿತುಪ್ಪ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ವರ್ಷಗಳ ಮೇಲೆ, ಆ ಹಡಗಿನಲ್ಲಿ ಒಂದು ದಿನ ನಮ್ಮ ಹಿರಿಯ ವಿಜ್ಞಾನಿ ಕಾಗದದ ಮೇಲಿನ ಒಂದು ಕಪ್ಪು ಗೆರೆ ತೋರಿಸಿ, ದ್ವೀಪದಡಿಯ ಕರಗಿದ ಕಲ್ಲು ಸಿಕ್ಕಿತು ಎಂದು ಹಿಗ್ಗಿದರು. ನಾನು ಅಳೆದು ನೋಡಿದೆ. ಆ ಗೆರೆ ಬಂದದ್ದು, ಕಡಲತಳದಿಂದ ಸದ್ದು ಮರಳಲು ಹಿಡಿದ ಹೊತ್ತಿನ ಸರಿಯಾಗಿ ಎರಡರಷ್ಟು ಹೊತ್ತಿಗೆ. ಅದು ಕಲ್ಲಲ್ಲ, ನೀರಿನ ಮೇಲ್ಮೈಗೂ ತಳಕ್ಕೂ ನಡುವೆ ಎರಡು ಸಲ ಓಡಾಡಿದ ಅದೇ ಸದ್ದು ಎಂದೆ. ಅವರು ಸಿಟ್ಟಾದರು, ತಾವೂ ಅಳೆದರು, ಆಮೇಲೆ ಇಷ್ಟು ಬೇಗ ಹೇಗೆ ಹಿಡಿದೆ ಎಂದು ಕೇಳಿದರು. ನಾನು ಮೆಟ್ಟಿಲೇರಿ ಹಡಗಿನ ಮೇಲಟ್ಟಕ್ಕೆ ಓಡಿದೆ. ಓಡಿ ಎಲ್ಲಿಗೆ ಹೋಗಲಿ? ಸುತ್ತ ನೀರು, ಕೆಳಗೆ ಢಮ್, ಢಮ್. ಖಣಿಯಲ್ಲಾದರೆ ಎಣಿಕೆಗೆ ಒಂದು ಕೊನೆ ಇರುತ್ತಿತ್ತು. ಊರು ಮುಟ್ಟಿದ ದಿನವೇ ಅಪ್ಪನಿಗೆ ಹೇಳಿಬಿಡಬೇಕೆಂದು ಅಲ್ಲಿಯೇ ಗಟ್ಟಿ ಮಾಡಿಕೊಂಡೆ.

ಮನೆಗೆ ಬಂದಾಗ ಅಪ್ಪ ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದ. ಎದುರು ಕೂತು ಎಲ್ಲ ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ.

‘ಗೊತ್ತೈತಿ. ನಾ ಎಂಟ ಎಣಿಸಿದ್ದೆ’ ಎಂದ.

‘ಮತ್ತ್ಯಾಕ ಇಳದಿ, ಯಪ್ಪಾ?’

‘ನೀ ಕಾಲೇಜ ಕಲ್ತಾವ. ಒಂಬತ್ತ ಅಂದಿ. ನಂದ ತಪ್ಪಿರಬೇಕು ಅಂತ ತಿಳದೆ.’

ಹೇಳಿಬಿಟ್ಟರೆ ಬಿಡುಗಡೆ ಎಂದು ನಂಬಿಕೊಂಡು ಬಂದಿದ್ದೆ, ಹುಚ್ಚ.